ಅಪ್ಪ ಬರೆಯದೆ ಬಿಟ್ಟ ‘ಸೌ.’

ನಮ್ಮಪ್ಪ ಕಾಗದ ಎಂಬುದನ್ನು ಹೊರಗೆ ಒಗೆದ ಮನುಷ್ಯನೇ ಅಲ್ಲ. ಗದಗಿಗೆ ಹೋಗಿ ಬಂದ ಬಸ್ಸಿನ ಟಿಕೇಟು, ಬೆಲ್ಲ ಕಟ್ಟಿಕೊಟ್ಟ ಪತ್ರಿಕೆಯ ಚೂರು, ಯಾರದೋ ಮದುವೆ ಕಾರ್ಡಿನ ಖಾಲಿ ಬೆನ್ನು, ಎಲ್ಲವೂ ಅವನಿಗೆ ಬೇಕು. ಅಂಥವನ ಮನೆಯಲ್ಲಿ ಪುಸ್ತಕದ ಗತಿ ಏನಿದ್ದೀತು, ನೀವೇ ವಿಚಾರ ಮಾಡಿ. ರೋಣದ ನಮ್ಮ ಮನೆಯಲ್ಲಿ ಜೋಳದ ಚೀಲ ಇರಬೇಕಾದ ಕೋಣೆಯಲ್ಲಿ ಶಾಸನದ ಸಂಪುಟಗಳಿದ್ದವು. ದೇವರ ಜಗಲಿಯ ಪಕ್ಕ ತಾಳೆಗರಿಯ ಕಟ್ಟುಗಳು. ಹಾಸಿಗೆ ಬಿಚ್ಚಬೇಕೆಂದರೆ ಮೊದಲು ನಿಘಂಟು ಎತ್ತಿಡಬೇಕು. ಅಬ್ಬಿಗೇರಿಯ ಹೊಲವನ್ನು ಪಾಲಿಗೆ ಕೊಟ್ಟು, ಬಂದ ಕಡಲೆ ಮಾರಿ ಈ ಪುಣ್ಯಾತ್ಮ ಪುಸ್ತಕ ಕೊಳ್ಳುತ್ತಿದ್ದ. ದೂರದೂರದ ಪಂಡಿತರು ಅವನ ಮಾತಿಗೆ ಬೆಲೆ ಕೊಡುತ್ತಿದ್ದರು. ಕಲ್ಲಿನ ಮೇಲಿನ ಒಂದು ಅಕ್ಷರ ‘ಳ’ವೋ ‘ೞ’ವೋ ಎಂದು ವರ್ಷಗಟ್ಟಲೆ ಕಾಗದದಲ್ಲೇ ಜಗಳ ಆಡುವ ಪೈಕಿ ಅವನು.

ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡ. ಧಾರವಾಡದ ಒಂದು ಗ್ರಂಥಾಲಯದವರು ಟೆಂಪೊ ತಂದು ಪುಸ್ತಕಗಳನ್ನು ಹೇರಿಕೊಂಡು ಹೋದರು. ಹೊರಟು ನಿಂತಾಗ ಅಟ್ಟದ ಮೇಲಿನ ಟ್ರಂಕು ಅವರ ಕಣ್ಣಿಗೆ ಬಿತ್ತು. ಅದರ ತುಂಬ ಅಪ್ಪನ ಕಾಗದಪತ್ರ. ಅವನಿಗೆ ಬಂದವು ಒಂದು ಕಡೆ, ಅವನು ಬರೆದವುಗಳ ಕಾರ್ಬನ್ ಪ್ರತಿ ಇನ್ನೊಂದು ಕಡೆ.

“ಇವನ್ನೂ ಕೊಡ್ರಿ ಅಕ್ಕಾರ, ಸಂಶೋಧನಾ ಮಾಡೋರಿಗೆ ಭಾಳ ಉಪಯೋಗ ಆಕ್ಕಾವು,” ಎಂದರು.

“ನಾ ಒಮ್ಮಿ ನೋಡಿ ಕೊಡ್ತೀನ್ರಿ. ಮನೀ ಮಂದಿ ಕಾಗದನೂ ಇರ್ತಾವಲ್ಲ,” ಎಂದೆ.

ದೀಪಾವಳಿಯ ಹೊತ್ತಿಗೆ ಬಂದು ಒಯ್ಯುತ್ತೇವೆ ಎಂದು ಹೇಳಿ ಹೋದರು. ನಾನು ಟ್ರಂಕನ್ನು ನನ್ನ ಮನೆಗೆ ತರಿಸಿದೆ. ನನ್ನನ್ನು ಕೊಟ್ಟದ್ದು ಇದೇ ರೋಣದಲ್ಲಿ, ಎರಡು ಓಣಿ ಆಚೆ. ಅಪ್ಪ ಹೋದ ಮೇಲೆ ನನ್ನ ಸೋದರತ್ತೆಯನ್ನೂ ಇಲ್ಲಿಗೇ ಕರೆದುಕೊಂಡು ಬಂದಿದ್ದೆ. ಅಪ್ಪನ ತಂಗಿ ಅವಳು, ನನ್ನನ್ನು ಸಾಕಿದವಳು.

ಅವಳ ಕತೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಅತ್ತೆಯನ್ನು ಗಜೇಂದ್ರಗಡಕ್ಕೆ ಕೊಟ್ಟಿದ್ದರು. ಸೀರೆ ವ್ಯಾಪಾರದ ಮನೆತನ, ಉಣ್ಣಲು ಉಡಲು ಕೊರತೆಯಿಲ್ಲ. ಮದುವೆಯ ಹೊಸತು ಇನ್ನೂ ಮಾಸಿರಲಿಲ್ಲ, ಒಂದು ಯುಗಾದಿಗೆ ಮುಂಚೆ ಅವಳ ಗಂಡ ಹೆಗಲ ಮೇಲೆ ದೇವರ ಕಂಬಿ ಹೊತ್ತ ಯಾತ್ರಿಕರ ಗುಂಪಿನ ಜೊತೆ ಶ್ರೀಶೈಲಕ್ಕೆ ನಡೆದುಕೊಂಡು ಹೋದ. ಹೋದವರೆಲ್ಲ ತಿರುಗಿ ಬಂದರು, ಅವನು ಬರಲಿಲ್ಲ. ದಾರಿಯಲ್ಲಿ ಒಂದು ಗಿಡದ ಕೆಳಗೆ ಕೂತು “ನೀವು ಮುಂದ ನಡೀರಿ, ನಾ ಬರ್ತೀನಿ” ಅಂದಿದ್ದನಂತೆ. ಮಾತಿಲ್ಲ, ಕತೆಯಿಲ್ಲ, ಜಗಳವೂ ಆಗಿರಲಿಲ್ಲ. ಅತ್ತೆ ಗಜೇಂದ್ರಗಡದಲ್ಲಿ ಒಂದಷ್ಟು ಕಾಲ ಕಾದಳು. ಆಮೇಲೆ ಆ ಮನೆಯವರು, ಅಣ್ಣನ ಮನೆಯಲ್ಲಿ ನಾಲ್ಕು ದಿನ ಇದ್ದು ಬಾ ಎಂದು ಕಳಿಸಿದರು. ಆ ನಾಲ್ಕು ದಿನ ಮುಗಿಯಲೇ ಇಲ್ಲ. ಅದೇ ವರ್ಷ ನನ್ನವ್ವ ಜ್ವರದಿಂದ ಹೋದಳು. ನಾನಿನ್ನೂ ಮೊಲೆ ಬಿಡದ ಕೂಸು, ಅತ್ತೆಯ ಉಡಿಯಲ್ಲಿ ಬಿದ್ದೆ.

ಗಂಡ ಸತ್ತ ಸುದ್ದಿ ಇಲ್ಲ ಎಂದ ಮೇಲೆ ಅವಳು ಮುತ್ತೈದೆಯೇ. ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ. ಓಣಿಯಲ್ಲಿ ಯಾರ ಮನೆಯಲ್ಲಿ ಉಡಿ ತುಂಬುವುದಿದ್ದರೂ ಅವಳಿಗೆ ಕರೆ ಬರುತ್ತಿತ್ತು. ಹೋಗುತ್ತಿದ್ದಳು, ಆದರೆ ಬಂದ ಮೇಲೆ ಆ ದಿನ ಉಣ್ಣುತ್ತಿರಲಿಲ್ಲ. ಅಕ್ಷರ ಕಲಿತವಳಲ್ಲ. ಆದರೂ ಅಪ್ಪನ ಪುಸ್ತಕಗಳನ್ನು ಬಿಸಿಲಿಗೆ ಹಾಕುವುದು, ನುಸಿ ಹತ್ತದಂತೆ ಬಜೆ ಬೇರು ಇಡುವುದು, ತಾಳೆಗರಿಗೆ ಎಣ್ಣೆ ಒರೆಸುವುದು ಎಲ್ಲ ಅವಳದೇ ಕೆಲಸ. ಟಪಾಲಿನವ ಬಂದು ಅಪ್ಪನ ಕೈಗೆ ಕಾಗದ ಕೊಟ್ಟನೆಂದರೆ ಅಡುಗೆಮನೆಯ ಬಾಗಿಲಿಗೆ ಬಂದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಕೇಳುತ್ತಿದ್ದಳು.

“ಅಣ್ಣಾ, ನಂದೇನರ ಐತೇನು?”

“ಏನಿಲ್ಲವಾ.”

ಇದು ನಮ್ಮ ಮನೆಯಲ್ಲಿ ಗಡಿಯಾರದ ಸಪ್ಪಳದಂತೆ ದಿನಾ ಕೇಳುವ ಮಾತು. ನನಗೆ ಅದರ ಕಡೆ ಲಕ್ಷ್ಯವೂ ಇರುತ್ತಿರಲಿಲ್ಲ. ಅವಳು ಕೇಳುವುದಕ್ಕೆ ಕಾರಣವಿತ್ತು. ಅಪ್ಪ ತಾಳೆಗರಿಗಾಗಿ ಶ್ರೀಶೈಲದ ದಾರಿಯ ಮಠಗಳಿಗೆಲ್ಲ ಬರೆಯುತ್ತಿದ್ದ, ಬರೆದಾಗೆಲ್ಲ ಕೊನೆಗೆ ತಂಗಿಯ ಗಂಡನ ಬಗ್ಗೆ ನಾಲ್ಕು ಸಾಲು ಸೇರಿಸುತ್ತಿದ್ದ. ಗಜೇಂದ್ರಗಡದವನು, ಎತ್ತರದ ಆಳು, ಎಡಗಿವಿಯ ಮೇಲೆ ಸುಟ್ಟ ಗುರುತಿದೆ, ಕಂಡರೆ ದಯವಿಟ್ಟು ತಿಳಿಸಿ ಎಂದು.

ಮಧ್ಯಾಹ್ನ ಊಟ ಮುಗಿಸಿ ಪಡಸಾಲೆಯಲ್ಲಿ ಟ್ರಂಕು ಬಿಚ್ಚಿ ಕೂಡುತ್ತಿದ್ದೆ. ಅತ್ತೆ ಎದುರಿಗೆ ಮೊರ ಹಿಡಿದು ಕಡಲೆ ಹಸನು ಮಾಡುತ್ತ ಕೂಡುತ್ತಿದ್ದಳು. ಅಪ್ಪ ಇದ್ದಾಗ ಆ ಟ್ರಂಕಿಗೆ ಅವಳು ಕೈ ಹಚ್ಚಿದವಳೇ ಅಲ್ಲ. ಈಗ ಅಪ್ಪನಿಗೆ ಕೇಳುತ್ತಿದ್ದುದನ್ನು ನನಗೆ ಕೇಳತೊಡಗಿದಳು.

“ನಂದೇನರ ಐತೇನ ತಂಗಿ ಅದರಾಗ?”

“ನೋಡಾಕ ಹತ್ತೀನಿ ತಡಿ ಅತ್ತಿ. ಬರೀ ಕಲ್ಲು, ಶಾಸನ, ಹಾಳುಮೂಳು.”

ಅಪ್ಪನ ಪ್ರತಿಗಳನ್ನು ತಾರೀಖಿನ ಪ್ರಕಾರ ಓದುತ್ತ ಹೋದೆ. ಅಲ್ಲಿ ಒಂದು ಸಣ್ಣ ಸಂಗತಿ ಕಣ್ಣಿಗೆ ಚುಚ್ಚಿತು. ನಮ್ಮ ಕಡೆ ಗಂಡ ಇದ್ದವಳ ಹೆಸರಿಗೆ ಮೊದಲು ‘ಸೌ.’ ಎಂದು ಬರೆಯಬೇಕು. ಸೌಭಾಗ್ಯವತಿ ಎಂಬುದರ ಗಿಡ್ಡ ರೂಪ ಅದು. ಗಂಡ ಇಲ್ಲದವಳಾದರೆ ‘ಶ್ರೀಮತಿ’. ಬೇರೆ ಕಡೆಯವರಿಗೆ ಶ್ರೀಮತಿ ಎಂದರೆ ಮರ್ಯಾದೆ, ನಮ್ಮ ಕಡೆ ಗಟ್ಟಿಮುಟ್ಟಾದ ಗಂಡನನ್ನು ಪಕ್ಕದಲ್ಲಿ ಕೂಡಿಸಿಕೊಂಡವಳಿಗೆ ಹಾಗೆ ಬರೆದರೆ ಚಪ್ಪಲಿ ಹಾರುತ್ತವೆ. ಅಪ್ಪ ಮೊದಮೊದಲು ಎಲ್ಲ ಕಾಗದಗಳಲ್ಲೂ ‘ನನ್ನ ತಂಗಿ ಸೌ.’ ಎಂದು ಬರೆದು ಅತ್ತೆಯ ಹೆಸರು ಬರೆಯುತ್ತಿದ್ದ. ಒಂದು ಚಳಿಗಾಲದಿಂದ ಆಚೆಗೆ ಆ ‘ಸೌ.’ ಇಲ್ಲ. ‘ನನ್ನ ತಂಗಿಯ ಆರೋಗ್ಯ ಸರಿಯಿಲ್ಲ’, ‘ನನ್ನ ತಂಗಿ ನಮಸ್ಕಾರ ತಿಳಿಸಿದ್ದಾಳೆ’, ಅಷ್ಟೇ. ಹೆಸರೂ ಇಲ್ಲ. ಸುಟ್ಟ ಗುರುತಿನ ನಾಲ್ಕು ಸಾಲುಗಳೂ ಅಲ್ಲಿಂದಲೇ ಮಾಯ.

ಮರೆತಿರಬೇಕು ಅಂದುಕೊಂಡೆ. ಅಂದುಕೊಂಡ ಮರುಗಳಿಗೆ ಆ ಪ್ರತಿಗಳನ್ನು ಮತ್ತೆ ತಿರುವಿ ನೋಡಿದೆ. ಒಂದು ಬಿಂದು ತಪ್ಪಿದರೆ ಪುಟವನ್ನೇ ಮತ್ತೆ ಬರೆಯುತ್ತಿದ್ದ ಮನುಷ್ಯ ‘ಸೌ.’ ಮರೆಯುತ್ತಾನೆಯೇ?

ಆಗ ನೆನಪಾಯಿತು ನನ್ನ ಮದುವೆಯ ಕಾರ್ಡು. ಕಾರ್ಡಿನ ಒಕ್ಕಣೆಯನ್ನು ಅಪ್ಪನೇ ಬರೆದಿದ್ದ. ದೂರದ ಚಿಕ್ಕಮ್ಮ, ರಾಜೂರಿನ ದೊಡ್ಡವ್ವ, ಎಲ್ಲರ ಹೆಸರೂ ‘ಸೌ.’ ಸಮೇತ ಅಚ್ಚಾಗಿದ್ದವು. ನನ್ನನ್ನು ಹೊಟ್ಟೆಗೆ ಕಟ್ಟಿಕೊಂಡು ಬೆಳೆಸಿದ ಅತ್ತೆಯ ಹೆಸರೇ ಇಲ್ಲ! ನಾನು ಅಪ್ಪನ ಮೇಲೆ ಹರಿಹಾಯ್ದಿದ್ದೆ.

“ಜಾಗ ಸಾಲಲಿಲ್ಲವಾ, ಪ್ರೆಸ್ಸಿನವರು ಕೈಬಿಟ್ಟಾರ,” ಎಂದು ಗೋಡೆ ನೋಡಿಕೊಂಡು ಹೇಳಿದ್ದ.

“ನಿನ್ನ ಪ್ರೆಸ್ಸಿಗಿ ಬೆಂಕಿ ಹಚ್ಚು!” ಎಂದು ಕೂಗಾಡಿದ್ದೆ. ಅತ್ತೆಯೇ ನನ್ನ ಬಾಯಿ ಮುಚ್ಚಿ ಒಳಗೆ ಕರೆದುಕೊಂಡು ಹೋಗಿ, ತಾನೂ ಅತ್ತು ನನ್ನನ್ನೂ ಸಮಾಧಾನ ಮಾಡಿದ್ದಳು. ಈಗ ತಿಳಿಯಿತು. ಸೌ. ಎಂದು ಅಚ್ಚು ಹಾಕಿಸಲು ಅವನಿಗೆ ಮನಸ್ಸು ಬರಲಿಲ್ಲ, ಶ್ರೀಮತಿ ಎಂದು ಹಾಕಿಸಲು ಧೈರ್ಯ ಬರಲಿಲ್ಲ.

ಮಠಗಳಿಂದ ಬಂದ ಕಾಗದಗಳನ್ನು ಹುಡುಕಿದೆ. ಆ ಚಳಿಗಾಲದ ತಾರೀಖಿನ ಜಾಗದಲ್ಲೇ ಒಂದು ಪೋಸ್ಟ್ ಕಾರ್ಡು ಇತ್ತು. ಕರ್ನೂಲಿನ ಕಡೆಯ ಯಾವುದೋ ಸಣ್ಣ ಮಠದಿಂದ, ಕನ್ನಡ ಬಲ್ಲವರೊಬ್ಬರು ಬರೆದದ್ದು. ತಾವು ಕೇಳಿದ ಚಹರೆಯವರು ನಮ್ಮಲ್ಲಿ ಬಾವಿಯಿಂದ ನೀರು ಸೇದುವ ಸೇವೆ ಮಾಡಿಕೊಂಡಿದ್ದರು, ಎಡಗಿವಿಯ ಗುರುತು ಸರಿಯಿದೆ, ಊರು ಗಜೇಂದ್ರಗಡ ಎಂದು ಒಮ್ಮೆ ಹೇಳಿದ್ದರು, ವಿಷಮಜ್ವರ ಬಂದು ಲಿಂಗೈಕ್ಯರಾದರು, ಸಂಸ್ಕಾರ ಮಾಡಿದ್ದೇವೆ.

ಸಾವಿನ ಸುದ್ದಿಯ ಕಾಗದವನ್ನು ನಮ್ಮಲ್ಲಿ ಮನೆಯಲ್ಲಿ ಇಡುವುದಿಲ್ಲ. ಓದಿ, ಹರಿದು ಒಗೆದು, ತಲೆಯ ಮೇಲೆ ನೀರು ಹಾಕಿಕೊಳ್ಳುವುದು ಪದ್ಧತಿ. ಅಪ್ಪ ಈ ಕಾರ್ಡನ್ನು ನಡುವೆ ಹರಿದಿದ್ದ. ಆಮೇಲೆ ಒಗೆಯಲು ಕೈ ಬಂದಿಲ್ಲ. ಹಳೆಯ ಹಸ್ತಪ್ರತಿಗಳಿಗೆ ಮಾಡುತ್ತಿದ್ದ ಹಾಗೆಯೇ ಹಿಂದೆ ತೆಳ್ಳನೆಯ ಕಾಗದ ಇಟ್ಟು, ಮೈದಾದ ಅಂಟಿನಿಂದ ಎರಡೂ ತುಂಡುಗಳನ್ನು ಕೂಡಿಸಿದ್ದ. ಒಂದು ಅಕ್ಷರವೂ ಕೆಟ್ಟಿರಲಿಲ್ಲ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎದ್ದು ಹೋಗಿ ಗೋಡೆಯ ಮೇಲಿನ ಅಪ್ಪನ ಫೋಟೊದ ಮುಂದೆ ನಿಂತೆ. “ಸುಳ್ಳ ಬರಿಯಾಕ ನಿನ್ನ ಪೆನ್ನು ಒಪ್ಪಲಿಲ್ಲ, ಹೌದಲ್ಲೋ ಅಪ್ಪಾ? ಸುಳ್ಳ ಹೇಳಾಕ ಬಾಯಿ ಹ್ಯಾಂಗ ಒಪ್ಪಿತು? ದಿನಾ ಆಕಿ ಬಂದು ಕೇಳಿದಾಗೆಲ್ಲಾ ಏನಿಲ್ಲವಾ, ಏನಿಲ್ಲವಾ!” ಎಂದು ಬೈದೆ. ವಿಧವಾ ವಿವಾಹದ ಪರವಾಗಿ ಗದಗಿನಲ್ಲಿ ಭಾಷಣ ಮಾಡಿ ಹಾರ ಹಾಕಿಸಿಕೊಂಡು ಬಂದವನು! ಬೈಯುತ್ತ ಬೈಯುತ್ತ ಅಳು ಬಂತು. ಅತ್ತೆ ಹಿತ್ತಲಲ್ಲಿದ್ದಳು, ಪುಣ್ಯಕ್ಕೆ ಕೇಳಿಸಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಅಪ್ಪನನ್ನು ಬೈದುಕೊಂಡು ಹಗುರಾಗುತ್ತಿದ್ದೆನೇನೋ. ಅದೇ ಕಾಲದ ಇನ್ನೊಂದು ಕಟ್ಟು ಇತ್ತು, ನರಗುಂದದಿಂದ ಬಂದದ್ದು. ಅಲ್ಲಿನ ಹೈಸ್ಕೂಲಿನ ಮಾಸ್ತರರೊಬ್ಬರು ಅಪ್ಪನ ಗೆಳೆಯರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಭಾನುವಾರ ಬಸ್ಸು ಹತ್ತಿ ಬಂದು, ಅಪ್ಪನ ಪುಸ್ತಕ ಒಯ್ಯುವುದು, ತಂದು ಕೊಡುವುದು ಮಾಡುತ್ತಿದ್ದರಂತೆ. ಅವರ ಅಕ್ಷರ ಶಾಲೆಯ ಹಲಗೆಯ ಮೇಲಿನದರಂತೆ ಸಾಲು ಹಿಡಿದು ಕೂತಿತ್ತು. ಸುಮ್ಮನೆ ತಿರುವಿ ಹಾಕುತ್ತಿದ್ದೆ. ಒಂದು ಕಡೆ ಕೈ ನಿಂತಿತು.

ಮಾಸ್ತರರು ಬರೆದಿದ್ದರು: ತಪ್ಪು ತಿಳಿಯಬೇಡಿ. ನಮ್ಮ ಜನದಲ್ಲಿ ಉಡಿಕೆ ಮಾಡಿಕೊಳ್ಳುವುದು ಹೊಸದೇನೂ ಅಲ್ಲ. ಗಂಡ ಬದುಕಿದ್ದಾರೋ ಇಲ್ಲವೋ ತಿಳಿಯದೆ ನಿಮ್ಮ ತಂಗಿಯವರ ವಿಷಯ ಎತ್ತುವುದು ನನಗೆ ಶೋಭಿಸುವುದಿಲ್ಲ. ಅವರ ಮುಂದೆಯೂ ಈ ಮಾತು ಆಡಿಲ್ಲ, ಆಡುವುದಿಲ್ಲ. ಶ್ರೀಶೈಲದ ಕಡೆಯಿಂದ ಏನಾದರೂ ಸುದ್ದಿ ಬಂದರೆ ನನಗೆ ಒಂದು ಸಾಲು ತಿಳಿಸಿ. ನಾನು ಕಾಯುತ್ತೇನೆ.

ಉಡಿಕೆ ಎಂದರೆ ಗಂಡ ಹೋದವಳಿಗೆ ಸೀರೆ ಉಡಿಸಿ ಮತ್ತೆ ಮನೆ ತುಂಬಿಸಿಕೊಳ್ಳುವುದು. ಈ ಕಾಗದ ಬಂದದ್ದು ಮಠದ ಕಾರ್ಡಿಗಿಂತ ಮುಂಚೆ. ಆಮೇಲಿನ ಒಂದೊಂದು ಕಾಗದದ ಕೊನೆಗೂ ಮಾಸ್ತರರು ಬಿಡದೆ ಕೇಳಿದ್ದಾರೆ, ಆ ಕಡೆಯಿಂದ ಏನಾದರೂ ಬಂತೇ ಎಂದು. ಅಪ್ಪನ ಉತ್ತರಗಳ ಪ್ರತಿಗಳನ್ನು ಪಕ್ಕಕ್ಕಿಟ್ಟು ಓದಿದೆ. ಕಾರ್ಡು ಬರುವ ತನಕ ‘ಇನ್ನೂ ಇಲ್ಲ’ ಎಂದಿದೆ. ಬಂದ ಮೇಲೆ ಆ ಪ್ರಶ್ನೆಗೆ ಉತ್ತರವೇ ಇಲ್ಲ. ಪುಟಗಟ್ಟಲೆ ಛಂದಸ್ಸಿನ ಬಗ್ಗೆ, ಪಾಠಾಂತರದ ಬಗ್ಗೆ ಬರೆದಿದ್ದಾನೆ, ಕೇಳಿದ್ದನ್ನು ಬಿಟ್ಟು. ಕೊನೆಗೆ ಮಾಸ್ತರರಿಗೆ ವಿಜಯಪುರದ ಕಡೆ ವರ್ಗವಾಯಿತು. ‘ಇನ್ನು ಕೇಳಿ ನಿಮ್ಮನ್ನು ಮುಜುಗರಕ್ಕೆ ಹಾಕುವುದಿಲ್ಲ’ ಎಂದು ಬರೆದು, ಪಡೆದಿದ್ದ ಪುಸ್ತಕಗಳನ್ನೆಲ್ಲ ಪಾರ್ಸೆಲ್ ಮಾಡಿದ್ದಾರೆ. ಆಮೇಲೆ ಅವರ ಕಾಗದವಿಲ್ಲ.

ಆ ಕಾಗದಕ್ಕೆ ಗುಂಡುಸೂಜಿ ಚುಚ್ಚಿ ಅಪ್ಪ ತನ್ನ ಒಂದು ಉತ್ತರವನ್ನು ಸೇರಿಸಿಟ್ಟಿದ್ದ. ಕಾರ್ಬನ್ ಪ್ರತಿಯಲ್ಲ, ಶಾಯಿಯದೇ. ಎಂದರೆ ಕಳಿಸಿರಲಿಲ್ಲ.

‘ಸುದ್ದಿ ಬಂದು ಬಹಳ ದಿನವಾಯಿತು. ನಿಮಗೆ ತಿಳಿಸಿದರೆ ನೀವು ಬರುತ್ತೀರಿ, ಅವಳು ನಿಮ್ಮ ಜೊತೆ ಸುಖವಾಗಿರುತ್ತಾಳೆ, ಅದು ನನಗೆ ಗೊತ್ತು. ಆದರೆ ಕೂಸು ಅವಳ ಕೈಯಿಂದಲ್ಲದೆ ಒಂದು ತುತ್ತು ತಿನ್ನುವುದಿಲ್ಲ. ತಾಯಿಯನ್ನು ಕಳೆದುಕೊಂಡು ಇನ್ನೂ...’

ಅಲ್ಲಿಗೆ ನಿಂತಿತ್ತು. ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು ಹೊಡೆದು ಹಾಕಿದ್ದ.

ಕೂಸು ಎಂದರೆ ನಾನು.

ಅಪ್ಪನ ಮೇಲಿನ ಸಿಟ್ಟು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ, ಹೋಗಲೂ ಇಲ್ಲ, ಇರಲೂ ಇಲ್ಲ. ತಂಗಿಯ ಬಾಳನ್ನು ಕಿತ್ತು ಮಗಳ ಬಾಯಿಗೆ ಇಟ್ಟಿದ್ದ. ನಾನು ಉಂಡಿದ್ದೆ, ಬೆಳೆದಿದ್ದೆ, ಮದುವೆಯಾಗಿ ಮಕ್ಕಳನ್ನೂ ಹೆತ್ತಿದ್ದೆ. ಹೆರಿಗೆಗೆ ತವರಿಗೆ ಬಂದಾಗಲೂ ಇದೇ ಅತ್ತೆ ಎಣ್ಣೆ ತಿಕ್ಕಿ ನೀರು ಹಾಕಿದ್ದಳು. ನನಗೆ ಅಪ್ಪನನ್ನು ಬೈಯುವ ಮುಖ ಉಳಿಯಲಿಲ್ಲ.

ಮಾಸ್ತರರ ಕಟ್ಟನ್ನು, ಮಠದ ಕಾರ್ಡನ್ನು ಬೇರೆ ತೆಗೆದಿಟ್ಟೆ. ಉಳಿದದ್ದನ್ನೆಲ್ಲ ಗ್ರಂಥಾಲಯದವರು ಬಂದು ಒಯ್ದರು. ಟ್ರಂಕು ಹೋದ ದಿನ ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಬಂದು ಕೇಳಿದಳು.

“ನಂದೇನೂ ಇರಲಿಲ್ಲೇನ ಹಂಗಾರ?”

ಅಪ್ಪನ ಮಾತನ್ನೇ ನಾನೂ ಆಡಿಬಿಡಬಹುದಾಗಿತ್ತು. ನಾಲಗೆಯ ತುದಿಗೆ ಬಂದಿತ್ತು ಕೂಡ. ಈ ವಯಸ್ಸಿನಲ್ಲಿ ಅವಳ ಕುಂಕುಮ ಕಿತ್ತುಕೊಂಡು ಯಾವ ಪುಣ್ಯ ಕಟ್ಟಿಕೊಳ್ಳುವುದಿದೆ? ಆದರೆ ಅವಳು ಕೇಳುತ್ತಲೇ ಇರುತ್ತಾಳೆ, ಸಾಯುವ ತನಕ ಕೇಳುತ್ತಾಳೆ. ನನ್ನ ಕೈಲಿ ಆಗಲಿಲ್ಲ. ಕೈ ಹಿಡಿದು ಕೂಡಿಸಿದೆ.

“ಅತ್ತಿ, ಗಟ್ಟಿ ಮನಸ ಮಾಡು. ಮಾಮ ತೀರಿಕೊಂಡಾರ. ಈಗಲ್ಲ, ಭಾಳ ಹಿಂದಽ. ಮಠದವರು ಅಪ್ಪಗ ಕಾರ್ಡ ಬರದಿದ್ರು.”

ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ.

“ಯಾವಾಗ?”

“ನಾ ಸಣ್ಣಾಕಿದ್ದಾಗ. ನೀ ನನ್ನ ಬೆನ್ನ ಹತ್ತಿ ಉಣಸ್ತಿದ್ದೆಲ್ಲಾ, ಆವಾಗ.”

“ಏನಾಗಿತ್ತಂತ?”

“ಜ್ವರ.”

“ಹತ್ರ ಯಾರರ ಇದ್ರಂತೇನು?”

“ಮಠದವರು ಇದ್ರಂತ. ಎಲ್ಲಾ ಪದ್ಧತಿ ಪ್ರಕಾರ ಮಾಡ್ಯಾರಂತ.”

“ಚಲೋ ಆತು. ಬಾಯಿಗಿ ನೀರ ಬಿಡಾಕ ಯಾರೂ ಇಲ್ಲದಂಗ ಸತ್ತಿದ್ರ ಹ್ಯಾಂಗ ಅಂತ ಅದೊಂದಽ ಚಿಂತಿ ಇತ್ತು ನನಗ,” ಎಂದಳು. ಎದ್ದು ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು. ಬರುವಾಗ ಹಣೆ ಬರಿದಾಗಿತ್ತು. ಹುಟ್ಟಿದಂದಿನಿಂದ ನಾನು ಆ ಹಣೆಯನ್ನು ಹಾಗೆ ನೋಡಿರಲಿಲ್ಲ. ಕುಂಕುಮ ಇಡುತ್ತಿದ್ದ ಜಾಗದಲ್ಲಿ ಗುಂಡಗೆ ಬಿಳಿಚಿದ ಕಲೆ. ನನಗೆ ತಡೆಯಲಾಗಲಿಲ್ಲ, ಕುಂಕುಮದ ಭರಣಿ ತಂದು ಹಿಡಿದೆ.

“ಗಂಡನ ಸಲುವಾಗೇ ಹಚ್ಚಿಕೋಬೇಕಂತ ಯಾರ್ ಹೇಳ್ಯಾರ? ನನ್ನ ಸಲುವಾಗಿ ಹಚ್ಚಿಕೋ.”

“ಹುಚ್ಚಿ, ತಿಳಿಲಾರದಾಗ ಹಚ್ಚಿಕೊಂಡಿದ್ದು ಬ್ಯಾರೆ. ತಿಳಿದ ಮ್ಯಾಲೆ ಬ್ಯಾಡವಾ,” ಎಂದು ವಿಭೂತಿ ಹಚ್ಚಿಕೊಂಡಳು. ಆಮೇಲೆ ಅಪ್ಪನ ಫೋಟೊದ ಕಡೆ ನೋಡಿದಳು. ಆಗ ಅವಳ ಕಣ್ಣು ತುಂಬಿತು.

“ಅಣ್ಣ ಕಡೀತನಕ ಬಾಯಿ ಬಿಡಲಿಲ್ಲ ನೋಡು. ನನ್ನ ಹಣಿ ಖಾಲಿ ಆಗಬಾರದಂತ ಎಲ್ಲಾ ತನ್ನ ಹೊಟ್ಟ್ಯಾಗ ಹಾಕ್ಕೊಂಡ. ಎಷ್ಟ ಸಂಕಟ ಆಗಿರಬೇಕ ಅವಗ, ಪಾಪ.”

ನಾನು ಕುಂಕುಮದ ಭರಣಿಯನ್ನು ಮುಚ್ಚಿ ಗೂಡಿನಲ್ಲಿಟ್ಟೆ.

ಒದ್ದೆ ಕೂದಲು ಬಿಡಿಸಿಕೊಳ್ಳುತ್ತ ಅತ್ತೆ ಕೇಳಿದಳು. “ನರಗುಂದದ ಮಾಸ್ತರು ಬರ್ತಿದ್ರು ಮನೀಗಿ. ನಿನಗ ಪ್ಯಾರಲಹಣ್ಣ ತರ್ತಿದ್ರು. ನೆನಪೈತೇನು?”

“ಇಲ್ಲತ್ತಿ.”

“ನಿನಗೆಲ್ಲಿಂದ ಇರಬೇಕ ನೆನಪು, ಸಣ್ಣಾಕಿ. ಕಡೀಗೆ ಬಂದಾಗ ಹೋಗೋ ಹೊತ್ತಿನ್ಯಾಗ ನನ್ನ ಮುಂದ ಏನೋ ಹೇಳಾಕ ಅಂತ ನಿಂತ್ರು. ನೀ ಒಳಗ ಚಿಟ್ಟನ ಚೀರಿದಿ, ನಾ ಓಡಿ ಬಂದೆ. ಹೊಳ್ಳಿ ಹೋಗಿ ನೋಡೋದ್ರಾಗ ಬಸ್ಸಿಗಿ ಹೊತ್ತಾತಂತ ಹೋಗಿಬಿಟ್ಟಿದ್ರು.” ಕೂದಲು ಬಿಡಿಸುವ ಕೈ ನಿಂತಿತು. “ಅವರ ಕಾಗದನೂ ಇದ್ದವೇನು ಟ್ರಂಕಿನ್ಯಾಗ?”

“ಇದ್ದವು.”

“ಏನಂತ ಬರದಾರ?”

ಕಾಗದಗಳು ಅಲ್ಲೇ ಇದ್ದವು, ನನ್ನ ಕಪಾಟಿನಲ್ಲಿ. ಎದ್ದು ತಂದು ಓದಿ ಹೇಳಬಹುದಾಗಿತ್ತು. ನಿನಗಾಗಿ ಒಬ್ಬರು ಕಾದಿದ್ದರು ಎಂದು ಹೇಳಿದರೆ, ಯಾಕೆ ತಿಳಿಸಲಿಲ್ಲ ಅಣ್ಣ ಎಂದು ಅವಳು ಕೇಳುತ್ತಾಳೆ. ನನ್ನ ಸಲುವಾಗಿ ಎಂದು ನಾನ್ಯಾವ ಬಾಯಿಂದ ಹೇಳಲಿ? ಅಂಜಿದೆ. ಜೀವನದಲ್ಲಿ ಯಾರಿಗೂ ಅಂಜದವಳು ಆ ಮುದುಕಿಗೆ ಅಂಜಿದೆ.

“ಪುಸ್ತಕದ ವಿಚಾರ ಅತ್ತಿ. ಅದು ಕಳಸ್ರಿ, ಇದು ಕಳಸ್ರಿ, ಅಷ್ಟಽ.”

“ಹೂಂ,” ಎಂದಳು ಅತ್ತೆ. ಕೂದಲನ್ನು ಗಂಟು ಹಾಕಿಕೊಂಡಳು. “ಪುಸ್ತಕದ ಸಲುವಾಗೇ ಬರ್ತಾರಂತ ನಾನೂ ತಿಳಕೊಂಡಿದ್ದೆ.”